ಕಾರ್ಲೊನ ಒಲೆಗೆ ನನ್ನ ಆಲಿವ್ ಬೆರಣಿ

ಮೂವತ್ತು ವರ್ಷ ಬಾಯ್ಲರ್‌ಗಳ ನಡುವೆ ಬದುಕಿದ ಇಂಜಿನಿಯರಿಗೆ ಒಂದು ಒಲೆ ಹಚ್ಚಲು ಬರುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ನಾನೂ ನಂಬಿರಲಿಲ್ಲ!

೨೦೧೨ರ ಬೇಸಿಗೆ. ನಿವೃತ್ತನಾಗಿ, ಪರದೇಶದ ವಾನ್ ಎಂಬ ಊರಿನ ನಮ್ಮ ಮನೆಯಲ್ಲಿ ಕೈಕಟ್ಟಿ ಕೂತಿದ್ದೆ. ಪಕ್ಕದ ಮನೆಯ ಕಾರ್ಲೊ ಇಟಲಿಯವನು, ನನ್ನ ವಯಸ್ಸಿನವನೇ. ಅವನ ಹಿತ್ತಿಲಲ್ಲಿ ಬ್ರೆಡ್ ಸುಡುವ ಇಟ್ಟಿಗೆಯ ಒಲೆ ಇತ್ತು. ಅವನೂ ಹೆಂಡತಿ ಮರಿಯಾಳೂ ಸೇರಿ ಕೈಯಾರೆ ಕಟ್ಟಿದ್ದು. ಮರಿಯಾ ತೀರಿಕೊಂಡ ಮೇಲೆ ಅವನು ಅದನ್ನು ಹಚ್ಚಿರಲಿಲ್ಲ. "ಮುಂದಿನ ತಿಂಗಳಿಗೆ ಅವಳು ಹೋಗಿ ವರ್ಷ. ಮಕ್ಕಳು ಬರ್ತಾರೆ. ಅವತ್ತು ಅವಳ ಬ್ರೆಡ್ಡನ್ನ ಈ ಒಲೇಲೇ ಮಾಡ್ತೀನಿ" ಎಂದು ಬೇಲಿಯಾಚೆಯಿಂದ ತನ್ನ ಇಂಗ್ಲಿಷಿನಲ್ಲಿ ಹೇಳಿದ.

"ಉರುವಲು ನನ್ನ ಜವಾಬ್ದಾರಿ!" ಎಂದೆ. ಅವನ ಒಲೆಗೆ ಶನಿ ಹಿಡಿದದ್ದು ಆ ಕ್ಷಣದಲ್ಲೇ.

ಹತ್ತಿರದ ಗೋದಾಮೊಂದರಲ್ಲಿ ಉಪ್ಪುನೀರಲ್ಲಿ ನೆನೆದ ಆಲಿವ್ ಕಾಯಿಗಳ ಬೀಜ ತೆಗೆದು ಡಬ್ಬಿಗೆ ತುಂಬುತ್ತಿದ್ದರು. ಬೀಜ, ಸಿಪ್ಪೆ, ಗಸಿ ಎಲ್ಲ ಕಸಕ್ಕೆ. ಆಲಿವ್ ಬೆಳೆಯುವ ದೇಶಗಳಲ್ಲಿ ಇಂಥ ಕಸದಿಂದ ಇಂಧನ, ಹಲಗೆ, ಏನೇನೋ ಮಾಡುತ್ತಾರೆಂದು ಓದಿದ್ದೆ. ಆರು ಬಕೆಟ್ ಹೊತ್ತು ತಂದೆ. ಕಾರ್ಲೊ ಇಣುಕಿ ನೋಡಿ, "ನಮ್ಮೂರಲ್ಲಿ ನನ್ನ ಅಜ್ಜಿ..." ಎಂದು ಶುರು ಮಾಡಿದ.

"ಒನ್ ಮಿನಿಟ್, ಐ ವಿಲ್ ಎಕ್ಸ್‌ಪ್ಲೇನ್" ಎಂದವನು ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟೆ.

ಮಂಡ್ಯದಲ್ಲಿ ನಮ್ಮಮ್ಮ ಬೆರಣಿ ತಟ್ಟುತ್ತಿದ್ದುದು ನೆನಪಿತ್ತು. ಗಸಿಗೆ ಮೈದಾ ಕಲಸಿ, ಬಿಸಿಲು ಬೀಳುವ ಗರಾಜಿನ ಗೋಡೆಗೆ ಪಟಪಟನೆ ತಟ್ಟಿದೆ. ಅರವತ್ತು ಬೆರಣಿ! ಒಂದೊಂದರ ಮೇಲೂ ನನ್ನ ಐದು ಬೆರಳಿನ ಅಚ್ಚು.

ಹೊರಗೆ ಬಂದ ನನ್ನ ಹೆಂಡತಿ ಶಾರದಾ ನಿಂತಲ್ಲೇ ನಿಂತಳು. "ಏನ್ರೀ ಇದು! ರೋಡಲ್ಲಿ ಹೋಗೋರು ಏನಂದ್ಕೋತಾರೆ?"

"ಇದು ರಿನ್ಯೂವಬಲ್ ಎನರ್ಜಿ ಕಣೇ!"

"ನೋಡಿದ್ರೆ ಹಂಗೆ ಕಾಣಲ್ಲ."

ವಾರದ ನಂತರ ಕಾರ್ಲೊ ಒಂದು ಬೆರಣಿಯನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಒಳಗೇ ಹೋಯಿತು. "ಅಜ್ಜಿ ಇದನ್ನ..." ಎಂದ.

"ಒನ್ ಮಿನಿಟ್!" ಎಂದೆ.

ಆ ದಿನ ಬಂತು. ಮಕ್ಕಳು ಬಂದು ಕೂತಿದ್ದರು. ಮರಿಯಾ ಕಲಿಸಿದಂತೆ ನಾದಿದ ಹಿಟ್ಟು ಬಟ್ಟೆಯ ಕೆಳಗೆ ಉಬ್ಬಿತ್ತು. ಕಾರ್ಲೊ ಮೇಪಲ್ ಸೌದೆ ಹಿಡಿದು ಮತ್ತೇನೋ ಹೇಳಲು ಬಾಯಿ ತೆಗೆದ. ಅವನ ಬಾಯಿ ಮುಚ್ಚಿಸಿ, ಸೌದೆ ಕೆಳಗಿಡಿಸಿ, ಬೆರಣಿ ಪೇರಿಸಿದೆ. ಒಂದು ಪೊಟ್ಟಣ ಕಡ್ಡಿ ಮುಗಿದರೂ ಹೊತ್ತಿಕೊಳ್ಳಲಿಲ್ಲ. ಹೋಮದಲ್ಲಿ ಭಟ್ಟರು ಏನು ಮಾಡುತ್ತಾರೆ? ನಮ್ಮ ಮನೆಗೆ ಓಡಿ ಶಾರದಾಳ ತುಪ್ಪದ ಡಬ್ಬಿ ತಂದು ಪೂರಾ ಸುರಿದೆ.

ಅಗ್ನಿದೇವ ಪ್ರಸನ್ನನಾದ! ಅರ್ಧ ಗಂಟೆ ನಾನು ಎದೆಯುಬ್ಬಿಸಿ ನಿಂತಿದ್ದೆ. ಇಟ್ಟಿಗೆ ಚೆನ್ನಾಗಿ ಕಾದ ಮೇಲೆ ಒಳಗಿನ ಉಪ್ಪುಂಡ ಬೀಜಗಳು ಪಟಾಕಿಯಂತೆ ಸಿಡಿಯತೊಡಗಿದವು. ಕಪ್ಪು ಹೊಗೆ. ಹಿಟ್ಟಿನ ಮೇಲೆಲ್ಲ ಮಸಿ. ಕಿಡಿ ಹಾರಿ ದ್ರಾಕ್ಷಿ ಚಪ್ಪರ ಹೊತ್ತಿಕೊಂಡಿತು. ಗಾಬರಿಯಿಂದ ತೋಟದ ಪೈಪು ಎಳೆದು ಚಪ್ಪರಕ್ಕೆ ನೀರು ಬಿಟ್ಟೆ. ಅದು ಆರಿತು. ಅಷ್ಟಕ್ಕೇ ಬಿಡಬಾರದೇ? ಒಲೆಯ ಬಾಯಿಗೂ ಬಿಟ್ಟೆ.

ಕಾದ ಇಟ್ಟಿಗೆಗೆ ತಣ್ಣೀರು ಬಿಡಬಾರದೆಂದು ಮೂವತ್ತು ವರ್ಷ ಹೊಸಬರಿಗೆ ಪಾಠ ಹೇಳಿದವನು ನಾನೇ!

ಠಳ್ ಎಂದು ಒಂದೇ ಸದ್ದು. ಒಲೆಯ ಗುಮ್ಮಟ ಮಧ್ಯಕ್ಕೆ ಸೀಳಿ ಕುಸಿಯಿತು.

ಕಾರ್ಲೊ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿಟ್ಟ. ಆಮೇಲೆ ಮೆಲ್ಲಗೆ ಹೇಳಿದ: "ನನ್ನ ಅಜ್ಜಿಯೂ ಆಲಿವ್ ಗಸೀನೇ ಉರಿಸ್ತಿದ್ದಳು. ಎಣ್ಣೆ ಹಿಂಡಿ ಉಳಿದದ್ದು. ಉಪ್ಪಲ್ಲಿ ನೆನೆಸಿದ್ದಲ್ಲ. ಅದನ್ನೂ ಒಂದು ವರ್ಷ ಒಣಗಿಸ್ತಿದ್ದಳು."

"ಮೊದಲೇ ಯಾಕೆ ಹೇಳಲಿಲ್ಲ?" ಎಂದೆ.

ಉತ್ತರ ಶಾರದಾ ಕೊಟ್ಟಳು. "ಮೂರು ಸಲ ಬಾಯಿ ತೆಗೆದ್ರು ಕಣ್ರೀ. ನೀವು ಬಿಟ್ರೆ ತಾನೆ?"

ಹೊಸ ಒಲೆ ಕಟ್ಟಿಸಿಕೊಡುತ್ತೇನೆಂದೆ. "ಕಟ್ಟಬಹುದು. ಆದ್ರೆ ಅದು ಮರಿಯಾ ಕಟ್ಟಿದ್ದಾಗಲ್ಲ" ಎಂದ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಈಗ ಅವಳ ಬ್ರೆಡ್ಡನ್ನು ಅಡುಗೆಮನೆಯ ಓವನ್ನಿನಲ್ಲಿ ಮಾಡಿ, ಅರ್ಧ ನಮಗೇ ಕೊಡುತ್ತಾನೆ. ತನ್ನ ಅಜ್ಜಿಯ ಕಥೆ ಹೇಳುತ್ತಾನೆ. ನಾನು ಬಾಯಿ ತೆರೆಯುವುದು ಬ್ರೆಡ್ಡು ಹಾಕಿಕೊಳ್ಳಲು ಮಾತ್ರ.

ತಪ್ಪು ನನ್ನದಲ್ಲ ಎನ್ನಲು ದಾರಿಯೂ ಇಲ್ಲ. ಗರಾಜಿನ ಗೋಡೆಯ ಮೇಲೆ ಬೆರಳು ಒತ್ತಿದ ಕಡೆಯೆಲ್ಲ ಇಳಿದ ಎಣ್ಣೆಯ ಕಲೆಗಳು ಹಾಗೇ ಇವೆ. ಅರವತ್ತು ಕಡೆ, ಐದೈದು ಬೆರಳು!