ಅಕ್ಕನ ಆಪರೇಷನ್ನೂ ನಮ್ಮ ನ್ಯಾನೋ ಅರಿಶಿನವೂ

ನಮ್ಮ ಲ್ಯಾಬಿನ ನಿಯಮ ಒಂದೇ ಸಾಲಿನದು: ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಕ್ಕೆ ತಯಾರಿಸಿದ್ದನ್ನು ಮನುಷ್ಯರ ಬಾಯಿಗೆ ಹಾಕುವಂತಿಲ್ಲ. ಬಾಗಿಲಿಗೆ ನಾನೇ ಅಂಟಿಸಿದ್ದೆ. ಹೆಬ್ಬಾಳ ಫ್ಲೈಓವರ್ ಮೇಲೆ ‘ಹಾರ್ನ್ ಮಾಡಬೇಡಿ’ ಎಂದು ಬೋರ್ಡು ಹಾಕಿದಷ್ಟೇ ಪ್ರಯೋಜನವಾಯಿತು. ಕ್ಯಾನ್ಸರ್, ಅರಿಶಿನ ಎಂಬ ಎರಡು ಮಾತು ಒಟ್ಟಿಗೆ ಕಿವಿಗೆ ಬಿದ್ದರೆ ಸಾಕು, ಓದಿದವರೂ ಚಮಚ ಹಿಡಿದು ಬರುತ್ತಾರೆ. ಆ ವರ್ಷ ಬಂದವರು ನಮ್ಮ ಮನೆಯವರೇ. ಅಕ್ಕನ ಎದೆಯಲ್ಲಿ ಗಂಟು ಕಾಣಿಸಿ, ಕ್ಯಾನ್ಸರ್ ಎಂದು ಖಚಿತವಾಗಿ, ಆಪರೇಷನ್ನಿಗೆ ದಿನ ಗೊತ್ತಾಗಿತ್ತು.

೧. ಸ್ಟೀಲ್ ಡಬ್ಬಿ

ಅಕ್ಕನ ಗಂಡ, ನಮ್ಮ ಭಾವ, ಜಾಲಹಳ್ಳಿಯ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಆಪರೇಷನ್ ಎಂದರೆ ರೋಗಿಗಿಂತ ಮೊದಲು ಅವರೇ ಬೆವರುತ್ತಾರೆ. ಒಂದು ಬೆಳಿಗ್ಗೆ ಡಬ್ಬಿ ಹಿಡಿದು ಲ್ಯಾಬಿಗೇ ಬಂದರು.

“ಅದೇನೋ ಮಾಡ್ತೀಯಲ್ಲ, ಇದ್ರಲ್ಲಿ ಸ್ವಲ್ಪ ಹಾಕ್ಕೊಡು. ಆಪರೇಷನ್ ತಪ್ಪಿಸೋಣ.”

ಕೂರಿಸಿ ವಿವರಿಸಿದೆ. ಅರಿಶಿನದ ಸತ್ವ ನೀರಲ್ಲಿ ಸರಿಯಾಗಿ ಕರಗುವುದಿಲ್ಲ. ತಿಂದರೆ ದೇಹ ಬಹುಪಾಲನ್ನು ಹೊರಗೆ ಹಾಕಿಬಿಡುತ್ತದೆ. ಅದಕ್ಕೇ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ ತುಂಬಿ ಕ್ಯಾನ್ಸರ್ ಕೋಶದೊಳಕ್ಕೆ ಕಳಿಸಲು ನೋಡುತ್ತಿದ್ದೇವೆ. ಸದ್ಯಕ್ಕೆ ಎಲ್ಲವೂ ತಟ್ಟೆಯಲ್ಲಿ. ಮನುಷ್ಯರಿಗೆ ಬರಲು ವರ್ಷಗಳೇ ಬೇಕು, ಬರದೆಯೂ ಇರಬಹುದು.

ಭಾವ ಗಮನವಿಟ್ಟು ಕೇಳಿದರು.

“ಅರ್ಥ ಆಯ್ತು. ಊಟಕ್ಕೆ ಮುಂಚೇನೋ, ಆಮೇಲೋ?”

೨. ಕಾಣದ ಔಷಧಿ

ನಾನು ಕೊಡಲಿಲ್ಲ. ಭಾವ ಹೊರಗೆ ಹೋಗುವಾಗ ನನ್ನ ಸಹೋದ್ಯೋಗಿಯೊಬ್ಬಳನ್ನು ಹಿಡಿದರು. ಆಕೆ ಮೆತ್ತನೆ ಮನಸ್ಸಿನವಳು. ಒಳಗೆ ಹೋಗಿ ಒಂದು ಸಣ್ಣ ಸೀಸೆ ತಂದುಕೊಟ್ಟಳು.

“ಇಷ್ಟು ತಿಳಿಯಾಗಿದೆಯಲ್ಲಮ್ಮಾ?”

“ನ್ಯಾನೋ ಅಲ್ವಾ ಅಂಕಲ್, ಕಣ್ಣಿಗೆ ಕಾಣಲ್ಲ.”

ವಿಷಯ ತಿಳಿದು ಆಕೆಯನ್ನು ಕರೆಸಿದೆ. “ಸರ್, ಅದ್ರಲ್ಲಿ ಬರೀ ಡಿಸ್ಟಿಲ್ಡ್ ವಾಟರ್. ಅವರು ಅಳೋ ಹಾಗಿದ್ರು, ಇಲ್ಲ ಅನ್ನಕ್ಕಾಗ್ಲಿಲ್ಲ.” ನೀರಾದರೂ ಸುಳ್ಳು ಸುಳ್ಳೇ ಎಂದು ಗದರಿ, ಆಗಲೇ ಭಾವನಿಗೆ ಫೋನ್ ಮಾಡಿ ಅದು ನೀರೆಂದು ಹೇಳಿದೆ.

“ಹಂಗನ್ಬೇಡ,” ಅಂದರು ಭಾವ. “ಅವಳಿಗೆ ಕೊಡೋಕೆ ಮುಂಚೆ ನಾನೇ ಎರಡು ಚಮಚ ಕುಡಿದು ನೋಡ್ದೆ. ಮಂಡಿ ನೋವು ಮಾಯ ಕಣಯ್ಯಾ!”

೩. ಮಿಕ್ಸಿಯ ಸಂಶೋಧನೆ

ಸಂಜಯನಗರದ ನಮ್ಮ ಮನೆಯಲ್ಲಿ ನನ್ನಾಕೆ ಬೇರೆಯೇ ದಾರಿ ಹಿಡಿದಿದ್ದಳು. ಯಶವಂತಪುರದಿಂದ ಅರಿಶಿನದ ಕೊಂಬು ತರಿಸಿ, ಕುಟ್ಟಿ, ಮಿಕ್ಸಿಗೆ ಹಾಕಿ, ನನ್ನ ಪಂಚೆಯಲ್ಲಿ ಜರಡಿ ಹಿಡಿದು, ಮತ್ತೆ ಮಿಕ್ಸಿಗೆ ಹಾಕಿದ್ದಳು. ನಾನು ಬರುವಷ್ಟರಲ್ಲಿ ಅಡುಗೆಮನೆ ಕಟ್ಟೆ, ಪಂಚೆ, ಕಿಟಕಿಯಲ್ಲಿ ಕೂತಿದ್ದ ಪಕ್ಕದ ಮನೆಯ ಬೆಕ್ಕು, ಎಲ್ಲವೂ ಹಳದಿ.

“ನ್ಯಾನೋ ಅಂದ್ರೆ ತುಂಬಾ ಸಣ್ಣದು ತಾನೇ ರೀ? ನಮ್ಮ ಮಿಕ್ಸಿಗೇನ್ ಕಮ್ಮಿ?”

“ಮಿಕ್ಸಿಯಲ್ಲಿ ಆಗೋ ಕೆಲಸವಾಗಿದ್ರೆ ನಮಗೆ ಯಾಕೆ ಸಂಬಳ ಕೊಡ್ತಾರೆ?”

“ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ.”

೪. ಹೊಸ್ತಿಲು

ಅಕ್ಕ ಆಸ್ಪತ್ರೆಗೆ ಸೇರಬೇಕಾದ ಬೆಳಿಗ್ಗೆ ಆರ್.ಟಿ. ನಗರದ ಅವಳ ಮನೆಯಲ್ಲಿ ಎಲ್ಲರೂ ಸೇರಿದೆವು. ಭಾವನ ಕೈಯಲ್ಲಿ ಸೀಸೆ, ನನ್ನಾಕೆಯ ಕೈಯಲ್ಲಿ ಪುಡಿಯ ಪೊಟ್ಟಣ.

“ಎರಡು ತಿಂಗಳು ಇದನ್ನ ತಗೊಂಡು ನೋಡೋಣ ಕಣೇ,” ಅಂದರು ಭಾವ. “ಆಪರೇಷನ್ ಎಲ್ಲೂ ಓಡಿಹೋಗಲ್ಲ.”

“ಗಂಟೂ ಓಡಿಹೋಗಲ್ವಲ್ಲ ರೀ.” ಅಕ್ಕ ನನ್ನ ಕಡೆ ತಿರುಗಿದಳು. “ಲೋ, ನೀನ್ ಹೇಳು. ನೀನು ಮಾಡ್ತಿರೋದಾದ್ರೂ ಕೆಲಸ ಮಾಡುತ್ತಾ?”

“ತಟ್ಟೆಯಲ್ಲಿ ಕೋಶಗಳು ಸಾಯ್ತಿವೆ. ಮನುಷ್ಯರ ವಿಷಯ ಗೊತ್ತಿಲ್ಲ ಅಕ್ಕಾ.”

“ಸರಿ. ನಾನು ತಟ್ಟೆಯಲ್ಲ.”

ಇಬ್ಬರ ಕೈಯಿಂದಲೂ ಕಿತ್ತುಕೊಂಡಳು. ಪುಡಿಯನ್ನೆಲ್ಲ ಬಟ್ಟಲಿಗೆ ಸುರಿದು, ಸೀಸೆಯನ್ನು ಅದರ ಮೇಲೆ ಬಗ್ಗಿಸಿ, ಕಲಸಿ, ಹೊಸ್ತಿಲಿಗೆ ಆ ತುದಿಯಿಂದ ಈ ತುದಿಗೆ ದಪ್ಪಗೆ ಬಳಿದಳು. ಮೇಲೆ ಎರಡೆಳೆ ರಂಗೋಲಿ, ಕುಂಕುಮ. ಕೈ ತೊಳೆದು, ತನ್ನ ಬ್ಯಾಗು ತಾನೇ ಎತ್ತಿಕೊಂಡು ಹೊಸ್ತಿಲು ದಾಟಿ ರಸ್ತೆಗಿಳಿದಳು. ನಾವು ಒಳಗೇ ನಿಂತಿದ್ದೆವು.

ಅಷ್ಟರಲ್ಲಿ ಅಕ್ಕ ಆಟೋ ನಿಲ್ಲಿಸಿ, ಹತ್ತಿ ಕೂತು ಕೂಗಿದಳು: “ಬೇಗ ಬನ್ರೀ! ಮೀಟರ್ ಹಾಕ್ತೀನಿ ಅಂತ ಒಪ್ಪಿದ್ದಾನೆ. ಇಂಥ ದಿನ ಮತ್ತೆ ಸಿಗಲ್ಲ!”