ಕೋಟೆಯೊಳಗೆ ಒಂದಿಷ್ಟು ಮೌನ

ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟದ್ದೇ ಗುಮಾಸ್ತ ಮಾಡಿದ ತಪ್ಪು.

ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಕೂತು ಊರವರ ಬೈಗುಳ ಕೇಳಿ ಕೇಳಿ ಅವನ ಕಿವಿ ತೂತಾಗಿತ್ತು. ಒಂದೇ ಒಂದು ದಿನ ಯಾರ ಮಾತೂ ಕೇಳದೆ ಕೂರಬೇಕೆಂದು ರಜೆ ಹಾಕಿ, ಕಡಲ ದಂಡೆಯ ಈ ಕೋಟೆಯೂರಿಗೆ ಬಂದಿಳಿದಿದ್ದ.

"ನಮ್ಮೂರಲ್ಲಿ ಸೊಳ್ಳೆನೂ ಮೆತ್ತಗೇ ಹಾಡೋದು," ಎಂದು ಲಾಡ್ಜಿನ ಯಜಮಾನರು ಬೀಗದಕೈ ಕೊಟ್ಟರು. "ಒಬ್ರೇ ಬಂದ್ರಾ? ಮನೆಯವರು?"

"ಇನ್ನೂ ಮದುವೆ ಆಗಿಲ್ಲ."

ಯಜಮಾನರ ಮುಖ ಊರಗಲವಾಯಿತು. "ಕೆಲಸ ಖಾಯಮ್ಮಾ?"

"ಖಾಯಂ."

"ಕೋಟೆಗೆ ಒಬ್ರೇ ಹೋಗ್ಬೇಡಿ, ದಾರಿ ತಪ್ತೀರಿ," ಎಂದು ಅವರು ಚಪ್ಪಲಿ ಮೆಟ್ಟಿಯೇಬಿಟ್ಟರು. ಕೋಟೆ ಲಾಡ್ಜಿನ ಎದುರಿಗೇ ಇತ್ತು. ದಾರಿ ತಪ್ಪುವುದಕ್ಕೆ ವಿಶೇಷ ಪ್ರತಿಭೆಯೇ ಬೇಕಿತ್ತು.

ಹಿಂದೆಯೇ ಅವರ ಹೆಂಡತಿ ಹೊರಟರು. "ಸಿಗರೇಟು ಗಿಗರೇಟು ಸೇದ್ತೀಯೇನಪ್ಪಾ? ಅಪ್ಪ ಅಮ್ಮ ನಿನ್ನ ಜೊತೇಲೇ ಇರ್ತಾರಾ?"

ಪಕ್ಕದ ಅಂಗಡಿಯ ದರ್ಜಿ ಇಳಿದು ಬಂದು, ಹೇಳದೆ ಕೇಳದೆ ಅವನ ಭುಜಕ್ಕೆ ಟೇಪು ಹಿಡಿದ. "ಅಲ್ಲಾಡ್ಬೇಡಿ, ಮುಂದೆ ಬೇಕಾಗ್ತದೆ." ಕೋಟೆ ಬಾಗಿಲಲ್ಲಿ ನಿಂತಿದ್ದ ಫೋಟೋದವನು ಅವನನ್ನು ಗೋಡೆಗೆ ಒರಗಿಸಿ, ಎದುರಿನಿಂದೊಂದು, ಪಕ್ಕದಿಂದೊಂದು ಫೋಟೋ ಹೊಡೆದು, "ಕಾಸು ಬೇಡ ಸಾರ್," ಎಂದ. ಈ ಊರಿನವರು ಎಷ್ಟು ಒಳ್ಳೆಯವರು ಎಂದುಕೊಂಡ ನಮ್ಮ ಬುದ್ಧಿವಂತ.

ಒಳ್ಳೆಯವರು ಸರಿ, ಆದರೆ ನಾಲ್ವರೂ ಒಟ್ಟಿಗೇ ಮಾತಾಡುತ್ತಿದ್ದರು. ಈ ಕೋಟೆಯನ್ನು ಯಾರು ಕಟ್ಟಿಸಿದರು ಎಂದು ಅವರವರಲ್ಲೇ ಜಗಳ ಹತ್ತಿದ್ದೇ ತಡ, ಗುಮಾಸ್ತ ಕಾಲಿಗೆ ಬುದ್ಧಿ ಹೇಳಿದ. ಮೆಟ್ಟಿಲಿಳಿದು, ಹಿಂದಿನ ಕಾಲದಲ್ಲಿ ಸಿಡಿಮದ್ದು ಇಡುತ್ತಿದ್ದ ನೆಲಮಾಳಿಗೆಗೆ ನುಗ್ಗಿದ.

ಒಳಗೆ ಅರೆಗತ್ತಲಲ್ಲಿ ಯಾರೋ ಮೊಣಕಾಲಪ್ಪಿ ಕೂತಿದ್ದ. "ಶ್! ಅವರಿಂದ ತಪ್ಪಿಸ್ಕೊಂಡ್ರಾ? ನಾನೂ ಅಷ್ಟೇ. ಕೂತ್ಕೊಳ್ಳಿ."

ಕೂತ. ದೂರದ ಅಲೆಗಳ ಸದ್ದು ಬಿಟ್ಟರೆ ಏನೂ ಇಲ್ಲ. ಗುಮಾಸ್ತನಿಗೆ ಸುಖಕ್ಕೆ ಕಣ್ಣಲ್ಲಿ ನೀರೇ ಬಂತು.

"ನೀವು ಯಾವಾಗ ಬಂದ್ರಿ?" ಎಂದು ಪಿಸುಗುಟ್ಟಿದ.

"ಹೋದ ವರ್ಷ. ನಾನೂ ಮೌನ ಬೇಕು ಅಂತಾನೇ ಬಂದವನು. ಈಗ ಲಾಡ್ಜಿನ ಯಜಮಾನರ ದೊಡ್ಡಳಿಯ."

"ದೊಡ್ಡಳಿಯ ಅಂದ್ರೆ... ಅವರಿಗೆ ಇನ್ನೊಬ್ಳು ಮಗಳಿದಾಳಾ?"

ಆ ಮನುಷ್ಯ ಅವನನ್ನು ಮೇಲಿಂದ ಕೆಳಗೆ ನೋಡಿದ. ಆ ನೋಟದಲ್ಲಿ ಕರುಣೆ ಇಲ್ಲದಿರಲಿಲ್ಲ. ಆಮೇಲೆ ಎದ್ದು, ಬಾಗಿಲಿಗೆ ಅಡ್ಡ ನಿಂತು ಗಂಟಲು ಹರಿಯುವಂತೆ ಕೂಗಿದ.

"ಮಾವಾ! ಹುಡುಗ ಇಲ್ಲಿದಾನೆ!"

ಬಳಿಕ ತಿರುಗಿ, ತೀರ ವಿನಯದಿಂದ ಹೇಳಿದ: "ತಪ್ಪು ತಿಳ್ಕೋಬೇಡಿ ಷಡ್ಡಕರೇ. ಅವರ ಮಾತೆಲ್ಲ ಒಬ್ನೇ ಕೇಳಿ ಕೇಳಿ ನಂಗೂ ಸಾಕಾಗಿದೆ."