ಗಡ್ಡಕ್ಕೂ ರಂಗೋಲಿಗೂ ಏನು ಸಂಬಂಧ

ಮುಖ ನೋಡಿ ಮಣೆ ಹಾಕುತ್ತಾರೆ ಅನ್ನುವ ಮಾತಿದೆಯಲ್ಲ, ನನ್ನ ವಿಷಯದಲ್ಲಿ ಜನ ಮುಖ ನೋಡಿ ಹಾಕಿದ್ದ ಮಣೆಯನ್ನೂ ಎತ್ತಿಡುತ್ತಾರೆ. ನಾನು ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಬಿ.ಎ. ಎರಡನೇ ವರ್ಷದಲ್ಲಿ ಓದುತ್ತಿರುವ, ಯಾರ ತಂಟೆಗೂ ಹೋಗದ ಹುಡುಗ. ಆದರೆ ಇದನ್ನು ನಾನೇ ಹೇಳಿಕೊಳ್ಳಬೇಕೇ ಹೊರತು ನೋಡಿದವರಿಗೆ ತಾನಾಗಿ ತಿಳಿಯುವುದಿಲ್ಲ. ನಮ್ಮ ಮನೆಯ ಬಾಗಿಲಿಗೆ ತಲೆ ಬಗ್ಗಿಸಿಯೇ ಹೋಗಬೇಕಾದಷ್ಟು ಎತ್ತರವಿದ್ದೇನೆ. ಬೋಳಿಸಿದರೆ ಕೆನ್ನೆಯ ತುಂಬ ಗುಳ್ಳೆ ಏಳುವುದರಿಂದ ಗಡ್ಡ ಬಿಟ್ಟಿದ್ದೇನೆ. ಇನ್ನು ದನಿಯೋ, ದಾರಿಯಲ್ಲಿ ಯಾರನ್ನಾದರೂ ಟೈಮ್ ಎಷ್ಟು ಎಂದು ಕೇಳಿದರೆ ಅವರು ವಾಚನ್ನೇ ಬಿಚ್ಚಿಕೊಡಲು ಹೋಗುತ್ತಾರೆ. ಘಾಟಿ ಕಡೆಯಿಂದ ಬರುವ ಬಸ್ಸು ಎಷ್ಟೇ ತುಂಬಿದ್ದರೂ ನನ್ನ ಪಕ್ಕದ ಸೀಟು ಮಾತ್ರ ಕಟ್ಟಕಡೆಗೆ ಭರ್ತಿಯಾಗುತ್ತದೆ. ಕಾಲೇಜಿನ ಯಾವ ಮೂಲೆಯಲ್ಲಿ ಗಲಾಟೆಯಾದರೂ ಅಟೆಂಡರ್ ಮೊದಲು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನಿಜ ಹೇಳಬೇಕೆಂದರೆ, ಯಾರಾದರೂ ಏರುದನಿಯಲ್ಲಿ ಮಾತಾಡಿದರೆ ಸಾಕು, ನನ್ನ ಅಂಗೈ ಬೆವರುತ್ತದೆ.

ಕಳೆದ ವರ್ಷ ಧನುರ್ಮಾಸದಲ್ಲಿ ನಮ್ಮ ಕನ್ನಡ ಮೇಡಂ ಪಾಠದ ನಡುವೆ ಮೌಲ್ಯಗಳ ಬಗ್ಗೆ ಮಾತು ತೆಗೆದು, ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ದಿನಚರಿಯನ್ನೂ ತಾವು ನಂಬಿರುವ ಮೌಲ್ಯಗಳನ್ನೂ ಹೇಳಬೇಕೆಂದರು. ಹಾಸ್ಟೆಲಿನಲ್ಲಿ ಎಂಟು ಗಂಟೆಗೆ ಏಳುವವರೆಲ್ಲ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಯೋಗ ಮಾಡಿಬಿಟ್ಟರು. ನನ್ನ ಸರದಿ ಬಂದಾಗ ನಾನು ಇದ್ದುದನ್ನೇ ಹೇಳಿದೆ. ಐದು ಗಂಟೆಗೆ ಏಳುತ್ತೇನೆ, ಹಸುವಿನ ಹಾಲು ಕರೆದು ಡೈರಿಗೆ ಹಾಕುತ್ತೇನೆ, ಮುದ್ದೆ ಉಂಡು ಬಸ್ಸು ಹಿಡಿಯುತ್ತೇನೆ, ಸುಳ್ಳು ಹೇಳಬಾರದು ಅನ್ನುವುದನ್ನು ನಂಬಿದ್ದೇನೆ ಎಂದೆ. ಮೇಡಂ ತಲೆದೂಗಿ, ತುಂಬಾ ಒಳ್ಳೆಯದು, ಇನ್ನು ಆ ಪುಂಡು ಸ್ನೇಹಿತರ ಸಹವಾಸವೊಂದು ಬಿಟ್ಟುಬಿಟ್ಟರೆ ನೀನು ಉದ್ಧಾರವಾಗುತ್ತೀಯ ಎಂದು ಆಶೀರ್ವಾದ ಮಾಡಿದರು. ನನಗಿದ್ದ ಒಬ್ಬನೇ ಸ್ನೇಹಿತ ಚೆಸ್ ಆಡುವವನು. ಆದರೆ ನಾನೂ ಪೂರ್ತಿ ಸತ್ಯ ಹೇಳಿರಲಿಲ್ಲ. ಐದು ಗಂಟೆಗೆ ಏಳುವುದಕ್ಕೂ ಹಾಲು ಕರೆಯುವುದಕ್ಕೂ ಮಧ್ಯೆ ನಾನು ಮಾಡುತ್ತಿದ್ದ ಒಂದು ಕೆಲಸವನ್ನು ನುಂಗಿಕೊಂಡಿದ್ದೆ.

ಆ ಕೆಲಸ ಮನೆ ಮುಂದೆ ರಂಗೋಲಿ ಹಾಕುವುದು.

ನಮ್ಮಕ್ಕ ಮದುವೆಯಾಗಿ ತ್ಯಾಮಗೊಂಡ್ಲು ಕಡೆಗೆ ಹೋದ ಮೇಲೆ ಅಂಗಳ ಅಮ್ಮನ ಪಾಲಿಗೆ ಬಂತು. ಅಮ್ಮನಿಗೆ ಬರುವುದು ಒಂದೇ ರಂಗೋಲಿ, ಐದು ಎಸಳಿನ ಒಂದು ಹೂವು. ಹಬ್ಬವಾಗಲಿ ತಿಥಿಯ ಮಾರನೆ ದಿನವಾಗಲಿ ಅದೇ ಹೂವು. ಧನುರ್ಮಾಸ ಶುರುವಾಗುವ ಹೊತ್ತಿಗೆ ಅಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಹಿಡಿಸಿಕೊಂಡರು. ನೇರವಾಗಿ ಓಡಾಡುತ್ತಿದ್ದರು, ಬಗ್ಗಿದರೆ ಮಾತ್ರ ಏಳಲು ಆಗುತ್ತಿರಲಿಲ್ಲ. ಧನುರ್ಮಾಸದಲ್ಲಿ ಬಾಗಿಲ ಮುಂದೆ ಬೋಳು ನೆಲ ಇರುವುದೇ ಎಂದು ಅಮ್ಮ ಪೇಚಾಡುವುದನ್ನು ನೋಡಲಾರದೆ, ಒಂದು ಬೆಳಗ್ಗೆ ನಾನೇ ಸಗಣಿ ನೀರು ಚೆಲ್ಲಿ, ಅಕ್ಕ ಹಾಕುತ್ತಿದ್ದುದನ್ನು ನೆನಪು ಮಾಡಿಕೊಂಡು ಚುಕ್ಕಿ ಇಟ್ಟೆ. ಎಳೆ ಎಲ್ಲೋ ಹೊರಟು ಎಲ್ಲೋ ಸುತ್ತಿ, ಹೊರಟ ಚುಕ್ಕಿಗೇ ಬಂದು ಕೂಡಿಕೊಂಡಾಗ ನನಗಾದ ಸಂತೋಷವನ್ನು ಯಾರಿಗೆ ಹೇಳಲಿ? ಪರೀಕ್ಷೆಯಲ್ಲಿ ಪಾಸಾದಾಗಲೂ ಅಂಥದ್ದು ಆಗಿರಲಿಲ್ಲ. ಆಮೇಲೆ ಫೋನಿನಲ್ಲಿ ನೋಡಿ ಹೊಸ ಹೊಸದನ್ನು ಕಲಿತೆ. ಬಳ್ಳಿ, ನವಿಲು, ತಾವರೆ ಕೊಳ, ಒಂದನ್ನು ಹಾಕಿದ ಮೇಲೆ ನಾಳೆ ಯಾವುದು ಎಂದೇ ಯೋಚನೆ.

ಆದರೆ ಕದ್ದು ಹಾಕಬೇಕಿತ್ತು. ಬೀದಿಯವರು ನೋಡಿದರೆ ನಗುತ್ತಾರೆ ಅನ್ನುವುದು ನನ್ನ ಭಯ. ನಮ್ಮಜ್ಜಿ ಮುನಿಯಮ್ಮನಿಗೆ ಗೊತ್ತಾದರೆ ಮನೆಯಲ್ಲಿ ರಾಮಾಯಣವಾಗುತ್ತದೆ ಅನ್ನುವುದು ಅಮ್ಮನ ಭಯ. ಗಂಡು ಹುಡುಗ ರಂಗೋಲಿ ಬಟ್ಟಲು ಹಿಡಿಯುವುದನ್ನು ಆ ಕಾಲದ ಮುದುಕಿ ಸಹಿಸುತ್ತಾಳೆಯೇ? ಹೀಗಾಗಿ ಅಜ್ಜಿ ಎದ್ದು ಕೆಮ್ಮುವುದರೊಳಗೆ ನಾನು ಕೊನೆಯ ಎಳೆ ಎಳೆದು, ಕೈಯ ಪುಡಿಯನ್ನು ಲುಂಗಿಗೆ ಒರೆಸಿಕೊಂಡು, ಕೊಟ್ಟಿಗೆ ಸೇರಿ ಗಂಭೀರವಾಗಿ ಹಾಲು ಕರೆಯುತ್ತ ಕೂತಿರುತ್ತಿದ್ದೆ.

ಬೀದಿಯಲ್ಲಿ ಅಮ್ಮನ ಹೆಸರು ಏರತೊಡಗಿತು. ಎದುರು ಮನೆಯ ರತ್ನಕ್ಕ ನಮ್ಮೂರಿನ ಮಹಿಳಾ ಸಂಘವನ್ನು ನಡೆಸುವವರು, ನೀರು ಹಿಡಿಯಲು ಬಂದಾಗಲೆಲ್ಲ ನಿಂತು ನೋಡಿ, ಜಯಕ್ಕನ ಕೈಯಲ್ಲಿ ಇಂಥ ಕಲೆ ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಎಂದು ಹೊಗಳುತ್ತಿದ್ದರು. ಅಮ್ಮ ಮೊದಮೊದಲು ಏನೋ ಸುಮ್ಮನೆ ಗೀಚಿದೆ ಎಂದು ನಾಚಿಕೊಳ್ಳುತ್ತಿದ್ದರು. ನಾಲ್ಕು ದಿನ ಕಳೆಯುವುದರೊಳಗೆ ಆ ನಾಚಿಕೆಯೂ ಹೋಗಿ, ನವಿಲಿನ ಕತ್ತು ತಿರುಗಿಸುವುದು ಹೇಗೆಂದು ಬೇರೆಯವರಿಗೆ ವಿವರಿಸುವ ಮಟ್ಟಕ್ಕೆ ಬಂದರು. ನಾನು ಕಾಲೇಜಿನಲ್ಲಿ ಸುಳ್ಳು ಹೇಳಬಾರದೆಂದು ಭಾಷಣ ಮಾಡಿ ಬಂದವನು. ಅಮ್ಮನಿಗೆ ಇದನ್ನು ನೆನಪಿಸಿದೆ. ಅಮ್ಮ, ನಾನೆಲ್ಲಿ ಸುಳ್ಳು ಹೇಳಿದೆ, ಅವರೇ ಅಂದುಕೊಂಡರೆ ನಾನೇನು ಮಾಡಲಿ ಎಂದು ಒಲೆಯ ಕಡೆ ತಿರುಗಿದರು. ಮೌಲ್ಯದ ಪ್ರಶ್ನೆಗಳು ಅಡುಗೆಮನೆಯ ಬಾಗಿಲಲ್ಲಿ ಹೀಗೇ ಬಿದ್ದುಹೋಗುತ್ತವೆ.

ಸಂಕ್ರಾಂತಿ ಹತ್ತಿರ ಬಂತು. ಸಂಘದಿಂದ ಶಾಲೆಯ ಮೈದಾನದಲ್ಲಿ ರಂಗೋಲಿ ಸ್ಪರ್ಧೆ ಎಂದು ಗೊತ್ತಾಯಿತು, ಹೆಂಗಸರಿಗೆ ಮಾತ್ರ. ರತ್ನಕ್ಕ ಕೇಳದೆಯೇ ಅಮ್ಮನ ಹೆಸರನ್ನು ಮೊದಲನೆಯದಾಗಿ ಬರೆಸಿ ಬಂದಿದ್ದರು. ಅಮ್ಮನಿಗೆ ಊಟ ಸೇರಲಿಲ್ಲ. ಸೊಂಟ ನೋವೆಂದು ತಪ್ಪಿಸಿಕೊಳ್ಳೋಣವೆಂದರೆ, ಅಷ್ಟರಲ್ಲಿ ಸೊಂಟ ವಾಸಿಯಾಗಿ, ಹಿಂದಿನ ದಿನವಷ್ಟೇ ಅವರೆಕಾಯಿ ಮೂಟೆಯನ್ನು ಹೊತ್ತುಕೊಂಡು ರತ್ನಕ್ಕನ ಎದುರಿಗೇ ಒಳಗೆ ಹೋಗಿದ್ದರು. ಇಡೀ ಮಧ್ಯಾಹ್ನ ನಾನು ಹಿತ್ತಲಲ್ಲಿ ಅಮ್ಮನಿಗೆ ತಾವರೆ ಕಲಿಸಲು ನೋಡಿದೆ. ಅಮ್ಮ ಎಲ್ಲಿಂದ ಶುರುಮಾಡಿದರೂ ಅದು ಐದು ಎಸಳಿನ ಹೂವಾಗಿಯೇ ಮುಗಿಯುತ್ತಿತ್ತು.

ಸ್ಪರ್ಧೆಯ ದಿನ ಬೆಳಗ್ಗೆ ಮೈದಾನದಲ್ಲಿ ಚೌಕ ಚೌಕವಾಗಿ ಗೆರೆ ಎಳೆದು ಜಾಗ ಮಾಡಿದ್ದರು. ಸುತ್ತ ಹಗ್ಗ ಕಟ್ಟಿ, ಮಕ್ಕಳೂ ಮೇಕೆಗಳೂ ಒಳಗೆ ನುಗ್ಗದ ಹಾಗೆ ಕಾಯಲು ರತ್ನಕ್ಕ ನನ್ನನ್ನೇ ನಿಲ್ಲಿಸಿದರು. ಆ ಕೆಲಸಕ್ಕೆ ನನ್ನ ಮುಖ ಹೇಳಿ ಮಾಡಿಸಿದಂತಿತ್ತು. ಮಕ್ಕಳು ಹೆದರಿ ದೂರ ನಿಂತವು, ಮೇಕೆಗಳಿಗೆ ಮಾತ್ರ ನನ್ನ ಸ್ವಭಾವ ಅರ್ಥವಾಗಿತ್ತು. ಅಮ್ಮ ತಮ್ಮ ಚೌಕದಲ್ಲಿ ಕೂತು ಚುಕ್ಕಿ ಇಡತೊಡಗಿದರು. ಎರಡನೇ ಸಾಲು ಮೊದಲ ಸಾಲಿನಿಂದ ಮುನಿಸಿಕೊಂಡು ಬೇರೆ ಕಡೆ ಹೊರಟಿತು. ನಾನು ಹಗ್ಗದಾಚೆಯಿಂದ ಕಣ್ಣಿನಲ್ಲೂ ಗಡ್ಡದಲ್ಲೂ ಸನ್ನೆ ಮಾಡಿದೆ. ಅದನ್ನು ಕಂಡ ಪಕ್ಕದ ಚೌಕದ ಸೊಸೆಯೊಬ್ಬಳು ತನ್ನನ್ನು ಗದರಿಸುತ್ತಿದ್ದೇನೆಂದು ತಿಳಿದು ಸೆರಗು ಸರಿಮಾಡಿಕೊಂಡಳು. ಜನ ಅಮ್ಮನ ಚೌಕದ ಹತ್ತಿರವೇ ಸೇರಿದ್ದರು, ಎಲ್ಲರಿಗೂ ಆ ಪ್ರಸಿದ್ಧ ಕೈಯನ್ನು ನೋಡುವ ಆಸೆ. ಅಮ್ಮ ಹಣೆಯ ಬೆವರು ಒರೆಸಿಕೊಂಡಾಗ ಬಿಳಿ ಪುಡಿ ಹಣೆಗೆಲ್ಲ ಮೆತ್ತಿತು. ಆಗ ನನಗೆ ನಗು ಬರಲಿಲ್ಲ. ನನ್ನ ನಾಚಿಕೆಗೆ ಅಮ್ಮ ಊರಿನ ನಡುವೆ ಕೂತು ಬೆಲೆ ಕೊಡುತ್ತಿದ್ದಾರೆ ಅನ್ನಿಸಿತು.

ಅಮ್ಮ ಬಟ್ಟಲು ಕೆಳಗಿಟ್ಟು ಎದ್ದು ನಿಂತರು.

"ಮಂಜ, ಬಾ ಇಲ್ಲಿ. ನನ್ ಕೈಲಿ ಆಗಲ್ಲ. ದಿನಾ ಹಾಕೋನು ನೀನು, ಇವತ್ತೂ ನೀನೇ ಹಾಕು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹಗ್ಗ ಹಿಡಿದುಕೊಂಡೇ ನಿಂತೆ. ನೆಲ ಬಾಯಿ ಬಿಡುತ್ತದೋ ಎಂದು ಕೆಳಗೆ ನೋಡಿದೆ, ಬಿಡಲಿಲ್ಲ. ಅಷ್ಟರಲ್ಲಿ ರತ್ನಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನಗತೊಡಗಿದರು.

"ಇಷ್ಟ್ ಹೇಳಕ್ಕೆ ಇಷ್ಟ್ ದಿನ ಬೇಕಾಯ್ತಾ ಜಯಕ್ಕ? ಸಗಣಿ ನೀರ್ ಹಾಕಿದ್ ನೆಲದ್ ಮೇಲೆ ದಿನಾ ಈಟಗಲದ್ ಪಾದ ಮೂಡಿರ್ತಿತ್ತು. ನಿನ್ ಪಾದ ಅದಾಗಿದ್ರೆ ನಿನ್ಗೆ ಚಪ್ಲಿ ಎಲ್ಲವ್ವ ಸಿಕ್ಕೋದು?"

ಬೀದಿಯ ಹೆಂಗಸರಿಗೆಲ್ಲ ಧನುರ್ಮಾಸದ ಮೊದಲ ವಾರದಲ್ಲೇ ಗೊತ್ತಾಗಿತ್ತಂತೆ. ಹೆಂಗಸರಿಗೆ ಮಾತ್ರ ಎಂದು ಸಂಘದವರೇ ನಿಯಮ ಮಾಡಿಬಿಟ್ಟಿದ್ದರಿಂದ, ತಾಯಿಯನ್ನು ಕರೆದು ಕೂರಿಸಿದರೆ ಮಗ ತಾನೇ ಬರುತ್ತಾನೆ ಎಂದು ರತ್ನಕ್ಕ ಲೆಕ್ಕ ಹಾಕಿದ್ದರು. ಇದೆಲ್ಲ ಸರಿ, ಅಜ್ಜಿ? ಅಜ್ಜಿ ಶಾಲೆಯ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ನಾನು ಆ ಕಡೆ ನೋಡಿದ ರೀತಿಯಿಂದಲೇ ಅವರಿಗೆ ನನ್ನ ಭಯ ಗೊತ್ತಾಗಿರಬೇಕು.

"ನನ್ ಮುಖ ಏನ್ಲಾ ನೋಡ್ತೀಯ? ಗಂಡ್ ಹುಡುಗ ಹಾಕ್ಬಾರ್ದು ಅಂತ ನಾನ್ ಯಾವತ್ತಾದ್ರೂ ಅಂದಿದ್ನಾ? ಹೊತ್ ಹುಟ್ಟೋಕ್ ಮುಂಚೆ ಹಾಕ್ಬೇಕು ಅಂದಿದ್ದೆ. ಈಗ್ಲೇ ಬಿಸ್ಲು ಬಂತು, ಹೋಗು."

ಹೌದಲ್ಲ. ಅಜ್ಜಿಯನ್ನು ನಾವು ಒಂದು ಸಲವೂ ಕೇಳಿರಲಿಲ್ಲ. ಮುದುಕಿ ಅಂದ ಮೇಲೆ ಬೈದೇ ಬೈಯುತ್ತಾಳೆ ಎಂದು ನಾವೇ ತೀರ್ಮಾನ ಮಾಡಿಕೊಂಡು, ಇಡೀ ಧನುರ್ಮಾಸ ಕಳ್ಳರ ಹಾಗೆ ಎದ್ದಿದ್ದೆವು. ಗಡ್ಡ ನೋಡಿ ನನ್ನನ್ನು ಅಳೆದವರ ಮೇಲೆ ನನಗಿದ್ದ ಸಿಟ್ಟೆಲ್ಲ, ನೆರೆಗೂದಲು ನೋಡಿ ಅಜ್ಜಿಯನ್ನು ಅಳೆದ ನನ್ನ ಕಡೆಗೇ ತಿರುಗಿತು.

ಚಪ್ಪಲಿ ಬಿಟ್ಟು ಹಗ್ಗ ದಾಟಿದೆ. ಕಾವಲಿಲ್ಲದ್ದರಿಂದ ಹಿಂದೆಯೇ ಒಂದು ಮೇಕೆಯೂ ದಾಟಿತು. ಅಮ್ಮನ ಸೊಟ್ಟ ಚುಕ್ಕಿಗಳನ್ನು ಅಳಿಸಲು ಮನಸ್ಸಾಗದೆ, ಅವುಗಳನ್ನೇ ಬಳ್ಳಿಯೊಳಗೆ ಸೇರಿಸಿಕೊಂಡು ತಾವರೆ ಕೊಳ ಹಾಕಿದೆ. ಮೊದಲ ಕೆಲವು ಎಳೆಗಳನ್ನು ಯಾರ ಕಡೆಗೂ ನೋಡದೆ ಎಳೆದೆ. ಆಮೇಲೆ ಸುತ್ತಲಿನ ಜನ ಮರೆತೇಹೋದರು. ತಲೆಯೆತ್ತಿದಾಗ ಅಮ್ಮ ಪಕ್ಕದಲ್ಲೇ ಕೂತು ಬಣ್ಣ ತುಂಬುತ್ತಿದ್ದರು, ಗೆರೆ ದಾಟಿ ಚೆಲ್ಲುತ್ತಿದ್ದರು, ಆದರೆ ಮುಖ ಹಗುರಾಗಿತ್ತು. ನಿಯಮದ ಪ್ರಕಾರ ನನಗೆ ಸ್ಥಾನ ಕೊಡುವಂತಿರಲಿಲ್ಲ, ಸಮಾಧಾನಕರ ಬಹುಮಾನವೆಂದು ಒಂದು ಡಜನ್ ಹಸಿರು ಗಾಜಿನ ಬಳೆ ಕೊಟ್ಟರು. ಎಲ್ಲ ಬಹುಮಾನವನ್ನೂ ಹೆಂಗಸರಿಗೆಂದೇ ತಂದಿದ್ದರು, ಪಾಪ. ಮನೆಗೆ ಬಂದ ಮೇಲೆ ಅಜ್ಜಿ ಅವನ್ನು ಎತ್ತಿಕೊಂಡು ಸೊಸೆಯ ಕೈಗೆ ತಾವೇ ತೊಡಿಸಿದರು.

ಆಮೇಲಿನ ಪಾಡು ಬೇರೆ. ಊರಿನಲ್ಲಿ ಗೃಹಪ್ರವೇಶವಿರಲಿ, ನಾಮಕರಣವಿರಲಿ, ಹಿಂದಿನ ದಿನವೇ ನನಗೆ ಕರೆ ಬರುತ್ತದೆ. ಬಸ್ಸಿನಲ್ಲಿ ಈಗ ನನ್ನ ಪಕ್ಕದ ಸೀಟು ಮೊದಲು ಭರ್ತಿಯಾಗುತ್ತದೆ, ತೊಡೆಯ ಮೇಲೆ ಯಾರದೋ ಮಗು, ಕಾಲಿನ ಬಳಿ ಯಾರದೋ ಹೂವಿನ ಬುಟ್ಟಿ. ಒಮ್ಮೊಮ್ಮೆ ಆ ಹಳೆಯ ರೌಡಿಯ ಗೌರವ ಎಷ್ಟು ಆರಾಮಾಗಿತ್ತು ಎಂದು ನೆನೆಯುವುದೂ ಉಂಟು.

ಸುದ್ದಿ ಕಾಲೇಜಿಗೂ ಮುಟ್ಟಿತು. ನಮ್ಮ ತರಗತಿಯ ಚಂದ್ರಿಕಾ, ದೇವನಹಳ್ಳಿ ಕಡೆಯವಳು, ಒಂದು ದಿನ ಊಟದ ಹೊತ್ತಿನಲ್ಲಿ ಬಂದು, ಚುಕ್ಕಿ ರಂಗೋಲಿ ಹೇಳಿಕೊಡುತ್ತೀಯಾ ಎಂದು ಕೇಳಿದಳು. ನಾನು ಯೋಚಿಸದೆ, "ಹುಡುಗಿಯಾಗಿ ನಿನ್ಗೆ ರಂಗೋಲಿ ಬರಲ್ವಾ?" ಎಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. "ನೀನು ರೈತರ ಮನೆ ಹುಡುಗ ತಾನೇ, ನಿನ್ಗೆ ನೇಗ್ಲು ಹಿಡಿಯಕ್ ಬರುತ್ತಾ?" ಎಂದು ಸಮಾಧಾನವಾಗಿ ಕೇಳಿದಳು.

ನಮ್ಮ ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. ಅದು ಉಳುವಾಗ ಬದುವಿನ ಮೇಲೆ ನಿಂತು ನೋಡುವುದರಲ್ಲಿ ನಾನು ನಿಪುಣ. ಸೀಮೆಸುಣ್ಣ ತೆಗೆದುಕೊಂಡು ಕಾಲೇಜಿನ ಕಟ್ಟೆಯ ಮೇಲೆ ಚುಕ್ಕಿ ಇಟ್ಟುಕೊಟ್ಟೆ. ಅವಳು ಎಳೆ ಎಳೆದಳು, ಮೇಲಿಂದ ಕೆಳಗೆ ಅಂಕುಡೊಂಕು. ಅದನ್ನು ನೋಡಿ, ಒಳ್ಳೇ ಗಂಡಸರು ಹಾಕಿದ ಹಾಗಿದೆಯಲ್ಲ ಎನ್ನಲು ಬಾಯಿ ತೆರೆದವನು ಸದ್ಯ ಮುಚ್ಚಿಕೊಂಡೆ. ಎಷ್ಟೋ ಕಲಿತ ಮೇಲೆ ನನ್ನಲ್ಲಿ ಆಗಿರುವ ಸುಧಾರಣೆ ಇಷ್ಟೇ: ಮೊದಲು ಹೊರಗೆ ಬಂದುಬಿಡುತ್ತಿದ್ದ ಮಾತು ಈಗ ನಾಲಿಗೆಯ ತುದಿಯಲ್ಲಿ ನಿಂತು, ಬರಲೋ ಬೇಡವೋ ಎಂದು ನನ್ನನ್ನು ಕೇಳುತ್ತದೆ.